ಪೆನ್ಸಿಲ್‌ನಲ್ಲಿ ಬರೆದ ಚೊಂಬನ್ನು ನೋಡುವುದು ಹೇಗೆ?

ಪೆನ್ಸಿಲ್‌ನಲ್ಲಿ ಬರೆದ ಚೊಂಬನ್ನೋ ಮಡಕೆಯನ್ನೋ ನೋಡಿದ ಕೂಡಲೇ ಬಾಯಿಗೆ ಬರುವ ಮಾತು ಒಂದೇ: "ಅಬ್ಬಾ, ಥೇಟ್ ಫೋಟೋ ಇದ್ದ ಹಾಗಿದೆ!" ನಾನೂ ಹೀಗೇ ಹೇಳಿ ಮುಂದೆ ಹೋಗುತ್ತಿದ್ದೆ. ಈಗ ಮೊದಲು ಪಾತ್ರೆಯ ಬಾಯಿ ನೋಡುತ್ತೇನೆ.

ಬಾಯಿ ದುಂಡಗಿದ್ದರೂ ಸ್ವಲ್ಪ ಮೇಲಿನಿಂದ ಓರೆಯಾಗಿ ನೋಡಿದರೆ ಅಂಡಾಕಾರ. ಒಂದು ನೇರ ಲೋಟ ತಗೊಳ್ಳಿ. ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಬರೀ ಗೆರೆ. ಕೆಳಗಿಳಿಸಿದಷ್ಟೂ ಅದು ತೆರೆದುಕೊಳ್ಳುತ್ತದೆ. ತಳ ಬಾಯಿಗಿಂತ ಕೆಳಗಿದೆ, ಹಾಗಾಗಿ ತಳದ ಅಂಚು ಜಾಸ್ತಿ ಬಾಗಿರಬೇಕು. ನಾವೋ, ಬಾಯಿ ಚೆನ್ನಾಗಿ ಬರೆದು ತಳಕ್ಕೆ ಸುಮ್ನೆ ಒಂದು ಅಡ್ಡಗೆರೆ ಎಳೆದುಬಿಡುತ್ತೇವೆ! ನನ್ನ ಹಳೆಯ ಡ್ರಾಯಿಂಗ್ ಪುಸ್ತಕದ ತುಂಬ ಅಂಥ ಲೋಟಗಳೇ.

ಆಮೇಲೆ ಬಿಳಿ. ಪೆನ್ಸಿಲ್ ಚಿತ್ರದಲ್ಲಿ ಬಿಳಿ ಅಂದರೆ ಮುಟ್ಟದೆ ಬಿಟ್ಟ ಕಾಗದ. ಸ್ಟೀಲ್ ಚೊಂಬಿನಲ್ಲಿ ಕಡು ಕಪ್ಪು ಪಟ್ಟಿಯ ಪಕ್ಕದಲ್ಲೇ ಥಟ್ಟನೆ ಬಿಳಿ ಬರುತ್ತದೆ. ಕಿಟಕಿ, ಗೋಡೆ, ಚಿತ್ರ ಬರೆಯುತ್ತ ಕೂತವರು ಕೂಡ ಅದರ ಹೊಟ್ಟೆಯ ಮೇಲೆ ಸೊಟ್ಟಗೆ ಕಾಣುತ್ತಾರೆ. ಮಣ್ಣಿನ ಮಡಕೆ ಹಾಗಲ್ಲ. ಅಲ್ಲಿ ಬೆಳಕು ಮೆಲ್ಲಗೆ ನೆರಳಾಗುತ್ತ ಹೋಗುತ್ತದೆ. ಬಣ್ಣವೇ ಇಲ್ಲದೆ ಇದು ಸ್ಟೀಲ್, ಇದು ಮಣ್ಣು ಅಂತ ಗೊತ್ತಾಗುವುದು ಹೀಗೆ. ಎಲ್ಲವನ್ನೂ ಬೆರಳಿನಿಂದ ಉಜ್ಜಿ ನುಣುಪು ಮಾಡಿದ ಚಿತ್ರ ನನಗೆ ಅಷ್ಟಕ್ಕಷ್ಟೆ. ಸ್ಟೀಲೂ ಮಣ್ಣೂ ಒಂದೇ ಥರ ಮಸಿ ಹಿಡಿದಂತಿರುತ್ತವೆ.

ಪೆನ್ಸಿಲ್ಲಿಗೆ ತಿಳಿಯಿಂದ ಕಡುವಿನವರೆಗೆ ಕಪ್ಪಿನ ಇಷ್ಟೊಂದು ಮೆಟ್ಟಿಲು ಸಿಕ್ಕಿದ್ದು ಜೇಡಿಮಣ್ಣಿನಿಂದ. ಇಂಗ್ಲೆಂಡಿನ ಜೊತೆ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಫ್ರಾನ್ಸಿಗೆ ಅಲ್ಲಿಯ ಗ್ರಾಫೈಟ್, ಅಂದರೆ ಪೆನ್ಸಿಲ್ ಕಡ್ಡಿಯ ಕಪ್ಪು ಖನಿಜ, ಬರುವುದು ನಿಂತಿತ್ತು. 1795ರಲ್ಲಿ ಫ್ರಾನ್ಸಿನ ನಿಕೋಲಾ-ಜಾಕ್ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಸುಟ್ಟು, ಕಡ್ಡಿ ಮಾಡಿದರು. ಮಣ್ಣು ಜಾಸ್ತಿಯಾದರೆ ಗಟ್ಟಿ, ತಿಳಿ ಗೆರೆ: ಅದು 'ಎಚ್'. ಕಡಿಮೆಯಾದರೆ ಮೆದು, ಕಪ್ಪು: ಅದು 'ಬಿ'. ಮಡಕೆಯ ಚಿತ್ರದಲ್ಲೂ ಒಂಚೂರು ಮಣ್ಣಿದೆ ಅಂತಾಯ್ತು, ಅಲ್ವಾ? ತುಂಬ ಮೆದುವಾದ 6ಬಿ ಪೆನ್ಸಿಲನ್ನು ಒತ್ತಿ ತೀಡಿದ ಕಡೆ ಗ್ರಾಫೈಟೇ ಹೊಳೆಯುತ್ತದೆ. ಹಾಗಾಗಿ ಚಿತ್ರವನ್ನು ಸ್ವಲ್ಪ ಓರೆಯಾಗಿಯೂ ನೋಡಿ, ಎಲ್ಲಿ ಕೈ ಭಾರ ಬಿದ್ದಿದೆ ಎಂದು ತಿಳಿಯುತ್ತದೆ.

ಕೊನೆಗೆ ನೆರಳು. ನೆಲದ ಮೇಲೆ ಬಿದ್ದ ನೆರಳು ದೂರ ಹೋದಷ್ಟೂ ಮಬ್ಬಾಗುತ್ತದೆ, ಅಂಚೂ ಕರಗುತ್ತದೆ. ತಳ ನೆಲಕ್ಕೆ ತಾಗುವಲ್ಲಿ ಮಾತ್ರ ಕೂದಲೆಳೆಯಷ್ಟು ಕಡು ಕಪ್ಪು ಇರಬೇಕು. ಅದಿಲ್ಲದ ಚಿತ್ರದಲ್ಲಿ ಚೊಂಬು ನೆಲದ ಮೇಲೆ ಕೂರುವುದೇ ಇಲ್ಲ.