ಬೇಹುಗಾರರನ್ನು ಬಯಲಿಗೆಳೆದು ತಾವೇ ಬೇಹುಗಾರರೆನಿಸಿಕೊಂಡವರು

1973ರ ಮೇ 3. ಸ್ವೀಡನ್ನಿನ ಎಡಪಂಥೀಯ ಪತ್ರಿಕೆ ‘ಫೋಲ್ಕೆಟ್ ಈ ಬಿಲ್ಡ್/ಕುಲ್ತೂರ್‌ಫ್ರಂಟ್’ ಅಂದು ಅಚ್ಚು ಹಾಕಿದ ಸುದ್ದಿ ಅಲ್ಲಿನ ಸರ್ಕಾರವನ್ನೇ ಪೇಚಿಗೆ ಸಿಲುಕಿಸಿತು. ಬಜೆಟ್ಟಿನಲ್ಲೆಲ್ಲೂ ಕಾಣದ, ಜನರು ಹೆಸರನ್ನೂ ಕೇಳಿರದ ‘ಐಬಿ’ ಎಂಬ ಗುಪ್ತಚರ ಸಂಸ್ಥೆಯೊಂದು (ನಮ್ಮ ದೆಹಲಿಯ ಐಬಿ ಬೇರೆ, ಇದು ಬೇರೆ) ಸ್ವಂತ ದೇಶದ ಕಮ್ಯುನಿಸ್ಟರ ಪಟ್ಟಿ ಮಾಡುತ್ತಿದೆ, ಹೊರದೇಶಗಳಲ್ಲೂ ಬೇಹು ನಡೆಸುತ್ತಿದೆ ಎಂಬುದು ವರದಿಯ ತಿರುಳು. ಸಿಬ್ಬಂದಿಯ ಹೆಸರು, ಫೋಟೋ ಸಮೇತ ಪ್ರಕಟವಾಗಿತ್ತು.

ಬರೆದವರು ಯಾನ್ ಗಿಯು ಮತ್ತು ಪೀಟರ್ ಬ್ರಾಟ್. ಸುಳಿವು ಕೊಟ್ಟವನು ಐಬಿಯಲ್ಲೇ ಕೆಲಸ ಮಾಡಿದ್ದ ಹೋಕನ್ ಇಸಾಕ್ಸನ್.

ಪತ್ರಿಕೆ ಹೊರಬರಲು ಶುರುವಾಗಿ ಆಗಿನ್ನೂ ಒಂದೂವರೆ ವರ್ಷವೂ ಆಗಿರಲಿಲ್ಲ. ಅಭಿವ್ಯಕ್ತಿ ಹಾಗೂ ಮುದ್ರಣ ಸ್ವಾತಂತ್ರ್ಯ, ಜನರ ಸಂಸ್ಕೃತಿ, ಸಾಮ್ರಾಜ್ಯಶಾಹಿ ವಿರೋಧ ಎಂಬ ಮೂರೇ ಅಂಶಗಳ ಕಾರ್ಯಕ್ರಮ ಅದರದ್ದು. ಕಾರ್ಯಕರ್ತರೇ ಬೀದಿಯಲ್ಲಿ ನಿಂತು ಮಾರುತ್ತಿದ್ದರು. ಹುಟ್ಟುಹಾಕಿದವರಲ್ಲಿ ಪ್ರಮುಖ, ಲೇಖಕ ಯಾನ್ ಮಿರ್ಡಾಲ್. ಭಾರತವೂ ಸೇರಿದಂತೆ ಏಷ್ಯಾದ ಬಡತನದ ಬಗ್ಗೆ ದೊಡ್ಡ ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ ಇವರ ತಂದೆ. ತಾಯಿ ಆಲ್ವಾ 1973ರವರೆಗೂ ಪ್ರಧಾನಿ ಓಲೋಫ್ ಪಾಲ್ಮೆ ಸಂಪುಟದ ಸಚಿವೆ. ಅಪ್ಪ ಅಮ್ಮನ ಜೊತೆ ಮಗನ ಸಂಬಂಧ ಆ ಹೊತ್ತಿಗಾಗಲೇ ಹಳಸಿತ್ತು ಅನ್ನಿ.

ಸರ್ಕಾರಕ್ಕೆ ನಿಜವಾಗಿ ಚುರುಕು ಮುಟ್ಟಿಸಿದ್ದು ಆಳುವ ಪಕ್ಷದ ನಂಟಿನ ಆರೋಪ. ಐಬಿ ಮುಖ್ಯಸ್ಥ ಬಿರ್ಗರ್ ಎಲ್ಮೇರ್ ಸೋಷಿಯಲ್ ಡೆಮಾಕ್ರಟ್ ಪಕ್ಷಕ್ಕೆ ಆಪ್ತ; ಕಾರ್ಖಾನೆಗಳಲ್ಲಿದ್ದ ಪಕ್ಷದ ಪ್ರತಿನಿಧಿಗಳಿಂದ ಕಮ್ಯುನಿಸ್ಟ್ ಕಾರ್ಮಿಕರ ಮಾಹಿತಿ ಸಂಸ್ಥೆಗೆ ಹೋಗುತ್ತಿತ್ತು. ಪಾಲ್ಮೆ ಈ ನಂಟನ್ನು ಸಾರಾಸಗಟಾಗಿ ಅಲ್ಲಗಳೆದರು. ವಿಯೆಟ್ನಾಂ ಯುದ್ಧವನ್ನು ಅಮೆರಿಕದ ಮುಖಕ್ಕೇ ಖಂಡಿಸಿದ್ದ ನಾಯಕನ ಆಡಳಿತ ಐಬಿ ಮೂಲಕ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಜೊತೆ ಒಳಗೊಳಗೇ ಕೈಜೋಡಿಸಿತ್ತೆಂಬುದು ಎಡಪಂಥೀಯರಿಗೆ ನುಂಗಲಾರದ ತುತ್ತಾಯಿತು.

ಅಕ್ಟೋಬರಿನಲ್ಲಿ ಬಂಧನಗಳಾದವು. ಸ್ವೀಡನ್ನಿನಲ್ಲಿ 1766ರಿಂದಲೇ ಮುದ್ರಣ ಸ್ವಾತಂತ್ರ್ಯದ ಕಾನೂನಿದೆ. ಪತ್ರಿಕಾ ಮೊಕದ್ದಮೆಗಳಿಗೆ ಜ್ಯೂರಿ ಕೂರುತ್ತದೆ, ಸುದ್ದಿಮೂಲವನ್ನು ಅಧಿಕಾರಿಗಳು ಕೆದಕುವಂತಿಲ್ಲ. ಈ ಪ್ರಕರಣ ಆ ದಾರಿ ಹಿಡಿಯಲೇ ಇಲ್ಲ. ಬೇಹುಗಾರಿಕೆಯ ಆರೋಪ ಹೊರಿಸಿದ್ದರಿಂದ ಜ್ಯೂರಿಯಿಲ್ಲದ ಸಾಮಾನ್ಯ ಕ್ರಿಮಿನಲ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಲೇಖನ ತಪ್ಪೆಂದು ಸಾಬೀತು ಮಾಡುವ ಗೋಜೇ ಸರ್ಕಾರಕ್ಕೆ ಬೀಳಲಿಲ್ಲ. ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಚಾಲಾಕಿ ಎನಿಸುವುದು ಇದೇ. 1974ರ ಜನವರಿಯಲ್ಲಿ ಗಿಯು, ಬ್ರಾಟ್, ಇಸಾಕ್ಸನ್ ಮೂವರಿಗೂ ಒಂದೊಂದು ವರ್ಷ ಜೈಲು. ಮೇಲ್ಮನವಿಯಲ್ಲಿ ಗಿಯು ಶಿಕ್ಷೆ 10 ತಿಂಗಳಿಗಿಳಿಯಿತು.

ಮುಂದೆ ಗಿಯು ಬೇಹುಗಾರಿಕೆಯ ಕಾದಂಬರಿ ಬರೆದು ಮನೆಮಾತಾದರು. ರಾಜಕೀಯ ನಿಲುವಿನ ಕಾರಣಕ್ಕೆ ಜನರ ಮೇಲೆ ಕಣ್ಣಿಟ್ಟ ಬಗೆಯನ್ನು ಬಿಡಿಸಿ ನೋಡಲು ಸರ್ಕಾರ ಆಯೋಗ ನೇಮಿಸಿದ್ದು 1999ರಲ್ಲಿ, ಎಲ್ಮೇರ್ ತೀರಿಕೊಂಡ ವರ್ಷ. ವರದಿ ಕೈಸೇರಿದ್ದು 2002ರ ಕೊನೆಗೆ. ಪಾಲ್ಮೆ ಹತ್ಯೆಯಾಗಿ ಆಗಲೇ 16 ವರ್ಷ ಕಳೆದಿತ್ತು.