ವೆಸ್ಟ್ ಬ್ಯಾಂಕ್ ವಸಾಹತುಗಳು: ನಿರ್ಣಯದ ನಂಬರ್ ಸಾಲದು, ಮತ ನೋಡಿ

ಇಸ್ರೇಲ್ ತಾನು ಆಕ್ರಮಿಸಿಕೊಂಡ ಪ್ಯಾಲೆಸ್ತೀನ್ ನೆಲವಾದ ವೆಸ್ಟ್ ಬ್ಯಾಂಕಿನಲ್ಲಿ ತನ್ನ ಜನರಿಗಾಗಿ ಕಟ್ಟಿದ ಊರುಗಳೇ ಈ ವಸಾಹತುಗಳು. ಅವುಗಳ ವಿರುದ್ಧದ ವಿಶ್ವಸಂಸ್ಥೆ ಭದ್ರತಾ ಮಂಡಳಿಯ ನಿರ್ಣಯಗಳನ್ನು ಪರೀಕ್ಷೆಗೆಂದು 446, 465, 2334 ಅಂತ ನಂಬರ್ ಉರು ಹೊಡೆದಿರುತ್ತೇವೆ. ಯಾರು ಕೈ ಎತ್ತಿದರು, ಯಾರು ಸುಮ್ಮನೆ ಕೂತರು ಎಂದು ಕೇಳಿದರೆ ತಡವರಿಸುತ್ತೇವೆ. ಈ ಪಾಠದ ತಿರುಳು ಇರುವುದು ಅಲ್ಲೇ.

ಮೊದಲು ಕಾನೂನು. ಆಕ್ರಮಿಸಿಕೊಂಡ ದೇಶ ತನ್ನ ನಾಗರಿಕರನ್ನು ಆ ನೆಲಕ್ಕೆ ಸಾಗಿಸಕೂಡದು ಎನ್ನುತ್ತದೆ 1949ರ ನಾಲ್ಕನೇ ಜಿನೀವಾ ಒಪ್ಪಂದದ 49ನೇ ವಿಧಿ. 'ಜನ ತಾವಾಗಿಯೇ ಹೋಗಿ ನೆಲೆಸಿದ್ದಾರೆ, ನಾವು ಸಾಗಿಸಿಲ್ಲ' ಎನ್ನುವುದು ಇಸ್ರೇಲಿನ ಒಂದು ವಾದ. ಅಂತಾರಾಷ್ಟ್ರೀಯ ನ್ಯಾಯಾಲಯ 2004ರಲ್ಲೂ 2024ರಲ್ಲೂ ತನ್ನ ಸಲಹಾ ಅಭಿಪ್ರಾಯದಲ್ಲಿ ವಸಾಹತುಗಳು ಕಾನೂನುಬಾಹಿರ ಎಂದೇ ಹೇಳಿತು.

ಇನ್ನು ಅಮೆರಿಕದ ಕಥೆ ನಿಧಾನವಾಗಿ ಓದಬೇಕಾದದ್ದು. 1979ರ 446ನೇ ನಿರ್ಣಯಕ್ಕೆ ಅದು ತಟಸ್ಥ. 1980ರ ಮಾರ್ಚ್ 1ರಂದು 465ನೇ ನಿರ್ಣಯಕ್ಕೆ ಪರವಾಗಿ ಮತ ಹಾಕಿತು, ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಎರಡೇ ದಿನಕ್ಕೆ ಅಧ್ಯಕ್ಷ ಕಾರ್ಟರ್, ಸಂವಹನದಲ್ಲಿ ಎಡವಟ್ಟಾಗಿದೆ, ನಿರ್ಣಯದಿಂದ ಜೆರುಸಲೇಮ್ ಉಲ್ಲೇಖವನ್ನು ಕೈಬಿಟ್ಟಿದ್ದಾರೆ ಅಂದುಕೊಂಡಿದ್ದೆವು ಎಂದರು. ಹಾಕಿದ ಮತ ಮಾತ್ರ ದಾಖಲೆಯಲ್ಲಿ ಹಾಗೇ ಉಳಿಯಿತು! 2011ರಲ್ಲಿ ವಸಾಹತುಗಳನ್ನು ಖಂಡಿಸುವ ಇನ್ನೊಂದು ನಿರ್ಣಯ ಮಂಡಳಿಗೆ ಬಂದಾಗ ಪರವಾಗಿ 14 ದೇಶ ಒಂದು ಕಡೆ, ಅಮೆರಿಕದ ವೀಟೊ ಒಂದು ಕಡೆ. ತಮಾಷೆ ಎಂದರೆ, ವಸಾಹತು ಸರಿಯಲ್ಲ ಎಂದು ಹೇಳುತ್ತಲೇ ವೀಟೊ ಹಾಕಿದ್ದು. ಅದೇ ಒಬಾಮಾ ಸರ್ಕಾರ 2016ರ ಡಿಸೆಂಬರ್ 23ರಂದು ತಟಸ್ಥವಾಗಿ ಕೂತಿತು, 2334 ಪಾಸಾಯಿತು. ವೀಟೊ ಇರುವವರು ಸುಮ್ಮನಿದ್ದರೆ ಅದೂ ಒಂದು ಉತ್ತರವೇ. 2019ರಲ್ಲಿ ಅಮೆರಿಕದ ಆಗಿನ ವಿದೇಶಾಂಗ ಸಚಿವ ಪಾಂಪಿಯೊ 'ಕಾನೂನುಬಾಹಿರವೇನಲ್ಲ' ಎಂದರೆ, 2024ರಲ್ಲಿ ಅದೇ ಹುದ್ದೆಯಲ್ಲಿದ್ದ ಬ್ಲಿಂಕನ್ 'ಅಂತಾರಾಷ್ಟ್ರೀಯ ಕಾನೂನಿಗೆ ಹೊಂದುವುದಿಲ್ಲ' ಎಂದರು.

ಭಾರತ? 2011ರ ಆ 14ರಲ್ಲಿ ನಾವೂ ಇದ್ದೆವು. 2024ರ ಸೆಪ್ಟೆಂಬರ್‌ನಲ್ಲಿ, ಆಕ್ರಮಿತ ನೆಲದ ಮೇಲಿನ ಹಿಡಿತವನ್ನು 12 ತಿಂಗಳೊಳಗೆ ಕೊನೆಗೊಳಿಸಿ ಎಂದು ಇಸ್ರೇಲಿಗೆ ಹೇಳಿದ ವಿಶ್ವಸಂಸ್ಥೆ ಸಾಮಾನ್ಯ ಸಭೆಯ ನಿರ್ಣಯಕ್ಕೆ 124 ಪರ, 14 ವಿರೋಧ, 43 ತಟಸ್ಥ. ಆ 43ರಲ್ಲಿ ಭಾರತವೂ ಒಂದು. ಎರಡನ್ನೂ ಒಟ್ಟಿಗೆ ಬರೆಯಿರಿ, ಒಂದನ್ನೇ ಬರೆದರೆ ಉತ್ತರ ಅರ್ಧ.

2334ರ 5ನೇ ಪ್ಯಾರಾ ಬಹಳ ಜನ ಹಾರಿಸುವಂಥದ್ದು: ವ್ಯವಹಾರದಲ್ಲಿ ಇಸ್ರೇಲನ್ನೂ ಆಕ್ರಮಿತ ನೆಲವನ್ನೂ ಬೇರೆ ಬೇರೆಯಾಗಿ ನೋಡಿ ಎಂದು ಅದು ದೇಶಗಳಿಗೆ ಹೇಳುತ್ತದೆ. ಯುರೋಪಿಯನ್ ಒಕ್ಕೂಟ ಈ ಕೆಲಸವನ್ನು 2005ರಿಂದಲೇ ಕಸ್ಟಮ್ಸ್ ಕಾಗದದಲ್ಲಿ ಮಾಡುತ್ತಿತ್ತು. ಸರಕು ತಯಾರಾದ ಊರು, ಅದರ ಪಿನ್‌ಕೋಡ್ ಬರೆಯಬೇಕು. ವಸಾಹತಿನ ಕೋಡ್ ಇದ್ದರೆ ಸುಂಕದ ರಿಯಾಯಿತಿ ಇಲ್ಲ. 2019ರಲ್ಲಿ ಒಕ್ಕೂಟದ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ವೈನ್ ಬಾಟಲಿಯ ಚೀಟಿಯಲ್ಲಿ ಬರೀ 'ವೆಸ್ಟ್ ಬ್ಯಾಂಕ್' ಅಂದರೆ ಸಾಲದು, 'ಇಸ್ರೇಲಿ ವಸಾಹತು' ಅಂತಲೂ ಇರಬೇಕು.