ಓಆರ್‌ಎ-01555: ದೂರುವುದು ಜಾಗವನ್ನು, ತೊಂದರೆ ಇರುವುದು ಹೊತ್ತಿನಲ್ಲಿ

ತಿಂಗಳ ಕೊನೆಯ ರಾತ್ರಿ. ಹತ್ತು ಗಂಟೆಗೆ ಶುರುವಾಗಿದ್ದ ಸ್ಟಾಕ್ ರಿಪೋರ್ಟ್ ಎರಡೂವರೆಗೆ ನಿಂತುಹೋಯಿತು. ಪರದೆ ಮೇಲೆ ‘ಸ್ನ್ಯಾಪ್‌ಶಾಟ್ ಟೂ ಓಲ್ಡ್’, ಅದರ ಹಿಂದೆಯೇ ‘ರೋಲ್‌ಬ್ಯಾಕ್ ಸೆಗ್ಮೆಂಟ್ ಟೂ ಸ್ಮಾಲ್’. ನಾನಾಗ ಸಪೋರ್ಟ್ ಕೆಲಸಕ್ಕೆ ಹೊಸಬ. ಚಿಕ್ಕದು ಅಂತಿದೆಯಲ್ಲ, ದೊಡ್ಡದು ಮಾಡಿದರೆ ಆಯ್ತು ಅಂದುಕೊಂಡೆ. ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಜಾಗ ಹೆಚ್ಚಿಸಿಕೊಟ್ಟರು, ಮತ್ತೆ ಓಡಿಸಿದೆವು. ಮತ್ತೆ ಅದೇ ಎರರ್.

ಒರಾಕಲ್ ಡೇಟಾಬೇಸಿನ ಮೇಲೆ ವ್ಯವಹಾರದ ಸಾಫ್ಟ್‌ವೇರ್ ನಡೆಸುವವರಿಗೆಲ್ಲ ಈ ಎರರಿನ ನಂಬರ್, ಓಆರ್‌ಎ-01555, ಗೊತ್ತು. ಎಸ್‌ಎಪಿ ಸಾಫ್ಟ್‌ವೇರ್ ಬಳಸುವವರು ಇದನ್ನು ಎಸ್‌ಟಿ22 ಎಂಬ ಪರದೆಯ ಎರರ್ ವರದಿಯಲ್ಲಿ ನೋಡಿರುತ್ತಾರೆ. ಇದರ ಬೇರು ಒಂದು ಒಳ್ಳೆಯ ಗುಣದಲ್ಲೇ ಇದೆ. 1984ರಲ್ಲಿ ಬಂದ ಒರಾಕಲ್ 4ನೇ ಆವೃತ್ತಿ ಓದುವವರಿಗೆ ಒಂದು ಭರವಸೆ ಕೊಟ್ಟಿತು: ಹತ್ತು ಗಂಟೆಗೆ ಶುರುವಾದ ಕ್ವೆರಿಗೆ (ಡೇಟಾಬೇಸಿನಿಂದ ಮಾಹಿತಿ ಕೇಳುವ ಆಜ್ಞೆಗೆ) ಕೊನೆಯ ಸಾಲಿನವರೆಗೂ ಹತ್ತು ಗಂಟೆಯ ಲೆಕ್ಕವೇ ಕಾಣುತ್ತದೆ. ನಡುವೆ ಯಾರೋ ಗೋಡೌನಿಂದ ಐವತ್ತು ಮೂಟೆ ಕಳಿಸಿ ಎಂಟ್ರಿ ಹಾಕಿದರು ಅಂದುಕೊಳ್ಳಿ. ಹಳೆಯ ಅಂಕಿ ಅನ್‌ಡೂ ಜಾಗಕ್ಕೆ (ರೋಲ್‌ಬ್ಯಾಕ್ ಸೆಗ್ಮೆಂಟ್ ಅಂದರೆ ಇದೇ) ಹೋಗಿರುತ್ತದೆ, ಕ್ವೆರಿ ಅದನ್ನು ಅಲ್ಲಿಂದ ತಂದುಕೊಳ್ಳುತ್ತದೆ.

ಆದರೆ ಆ ಜಾಗ ಸ್ಲೇಟಿನ ಹಾಗೆ. ಎಂಟ್ರಿ ಹಾಕಿದವರು ಕಮಿಟ್ ಮಾಡಿದರೆ, ಅಂದರೆ ಬದಲಾವಣೆಯನ್ನು ಖಾಯಂ ಮಾಡಿದರೆ, ಅವರ ಹಳೆಯ ಅಂಕಿಯನ್ನು ಅಳಿಸಿ ಇನ್ನೊಬ್ಬರದ್ದನ್ನು ಬರೆಯಬಹುದು. ನಾಲ್ಕು ಗಂಟೆ ತಡವಾಗಿ ಆ ಸಾಲಿಗೆ ಬಂದ ಕ್ವೆರಿಗೆ ಬೇಕಾದ ಅಂಕಿ ಸಿಗುವುದಿಲ್ಲ. ತಪ್ಪು ಲೆಕ್ಕ ಕೊಡುವ ಬದಲು ಅದು 01555 ಹೇಳಿ ನಿಲ್ಲುತ್ತದೆ. ಇದು ಸರಿಯಾದ ನಡೆ ಅಂತಲೇ ನನ್ನ ನಂಬಿಕೆ. ತಿಂಗಳ ಲೆಕ್ಕದಲ್ಲಿ ತಪ್ಪು ಅಂಕಿ ಹೋಗುವುದಕ್ಕಿಂತ ರಿಪೋರ್ಟ್ ಬಾರದಿರುವುದೇ ವಾಸಿ, ಅಲ್ವಾ?

ಇಲ್ಲಿ ನಿಂತುಹೋಗುವುದು ಓದುವವನ ಕೆಲಸ. ಜಾಗ ಅಳಿಸಿದವನು ಬೇರೆ. ಹಳೆಯ ಕಾಲದಲ್ಲಿ ಡಿಬಿಎಗಳು ಒಂದು ದೊಡ್ಡ ರೋಲ್‌ಬ್ಯಾಕ್ ಸೆಗ್ಮೆಂಟ್ ಮಾಡಿ, ದೊಡ್ಡ ಜಾಬ್ ಅದನ್ನೇ ಬಳಸುವಂತೆ ಮಾಡುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ರಿಪೋರ್ಟಿಗೆ ಬೇಕಿದ್ದ ಹಳೆಯ ಅಂಕಿ ಇದ್ದದ್ದು ಬೇರೆಯವರ ಚಿಕ್ಕ ಸೆಗ್ಮೆಂಟ್‌ಗಳಲ್ಲಿ.

2001ರಲ್ಲಿ ಒರಾಕಲ್ 9ಐ ಆವೃತ್ತಿ ಬಂದಾಗ ಸೆಗ್ಮೆಂಟ್‌ಗಳನ್ನು ಡೇಟಾಬೇಸೇ ನೋಡಿಕೊಳ್ಳತೊಡಗಿತು. ಮಾತು ಜಾಗದಿಂದ ಹೊತ್ತಿಗೆ ತಿರುಗಿತು. ಹಳೆಯ ಅಂಕಿಯನ್ನು ಎಷ್ಟು ಸೆಕೆಂಡ್ ಇಟ್ಟುಕೊಳ್ಳಬೇಕು ಅಂತ ಹೇಳಲು ‘ಅನ್‌ಡೂ ರಿಟೆನ್ಶನ್’ ಬಂತು. ನಾವೇನೂ ಬದಲಿಸದಿದ್ದರೆ ಅದು 900, ಅಂದರೆ ಬರೀ ಹದಿನೈದು ನಿಮಿಷ. ಜಾಗ ಸಾಲದಿದ್ದರೆ ಅದಕ್ಕೂ ಮೊದಲೇ ಅಳಿಸಿಬಿಡಬಹುದು. ಹಾಗಾಗದಂತೆ ಮುಂದಿನ ಆವೃತ್ತಿ 10ಜಿಯಲ್ಲಿ ‘ರಿಟೆನ್ಶನ್ ಗ್ಯಾರಂಟಿ’ ಬಂತು. ಅದನ್ನು ಹಾಕಿದರೆ ರಿಪೋರ್ಟ್ ಉಳಿಯುತ್ತದೆ, ಆದರೆ ಜಾಗ ಮುಗಿದಾಗ ಎಂಟ್ರಿ ಹಾಕುವವರಿಗೆ ಅನ್‌ಡೂ ಜಾಗ ಸಿಗಲಿಲ್ಲ ಎನ್ನುವ ಓಆರ್‌ಎ-30036 ಎರರ್ ಬರುತ್ತದೆ. ರಿಪೋರ್ಟ್ ಮುಖ್ಯವೋ, ಗೋಡೌನಿನ ಎಂಟ್ರಿ ಮುಖ್ಯವೋ ಅನ್ನೋದನ್ನು ಡಿಬಿಎ ಒಬ್ಬರೇ ತೀರ್ಮಾನಿಸಬಾರದು.

ಇಷ್ಟೆಲ್ಲ ಬದಲಾದರೂ ಮೆಸೇಜ್ ಮಾತ್ರ ‘ರೋಲ್‌ಬ್ಯಾಕ್ ಸೆಗ್ಮೆಂಟ್ ಚಿಕ್ಕದು’ ಅಂತಲೇ ಹೇಳುತ್ತಾ ಬಂತು. ಅದರಲ್ಲಿ ಸೆಗ್ಮೆಂಟಿನ ಹೆಸರು ಖಾಲಿ ಇದ್ದು, ಜೊತೆಗೆ ಓಆರ್‌ಎ-22924 ಇದ್ದರೆ ತೊಂದರೆ ಲಾಬ್ ಕಾಲಂನದ್ದು, ಅಂದರೆ ಉದ್ದದ ಪಠ್ಯ, ಚಿತ್ರದಂಥ ದೊಡ್ಡ ಮಾಹಿತಿ ಇಡುವ ಕಾಲಂನದ್ದು. ಅದರ ಹಳೆಯ ಪ್ರತಿಗಳು ಇರುವುದೇ ಬೇರೆ ಕಡೆ. ಆಗ ಅನ್‌ಡೂಗೆಂದು ಮೀಸಲಿಟ್ಟ ಟೇಬಲ್‌ಸ್ಪೇಸಿಗೆ ಸುಮ್ನೆ ಜಾಗ ಸೇರಿಸುತ್ತಾ ಹೋದರೆ ಏನೂ ಆಗದು.

ಆ ರಾತ್ರಿ ನಮಗೆ ದಾರಿ ಸಿಕ್ಕಿದ್ದು ಡೇಟಾಬೇಸ್ ತನ್ನ ಎರರ್‌ಗಳನ್ನು ಬರೆದಿಡುವ ಅಲರ್ಟ್ ಲಾಗ್‌ನಲ್ಲಿ. ಕ್ವೆರಿ ಎಷ್ಟು ಸೆಕೆಂಡ್ ಓಡಿತ್ತು ಅಂತ ಅಲ್ಲಿ ಬರೆದಿತ್ತು: ಹದಿನಾರು ಸಾವಿರ ಚಿಲ್ಲರೆ. ಅದೇ ಹೊತ್ತಿಗೆ ಬೇರೆ ಏನೇನು ಓಡಿತ್ತು ಅಂತ ಹುಡುಕಿದೆವು. ಅದೇ ಟೇಬಲ್‌ನಲ್ಲಿ ಒಂದೊಂದೇ ಸಾಲು ತಿದ್ದಿ, ಪ್ರತಿ ಸಾಲಿಗೂ ಕಮಿಟ್ ಮಾಡುತ್ತಿದ್ದ ಒಂದು ಬ್ಯಾಚ್ ಜಾಬ್ ಸಿಕ್ಕಿತು. ಅದನ್ನು ಬೆಳಗಿನ ಐದಕ್ಕೆ ತಳ್ಳಿ, ರಿಟೆನ್ಶನ್ ಅನ್ನು ಐದು ಗಂಟೆಗೆ ಏರಿಸಿದೆವು. ಮರುದಿನ ರಾತ್ರಿ ರಿಪೋರ್ಟ್ ಪೂರ್ತಿ ಮುಗಿಯಿತು.